ಐದನೇ ತರಗತಿ ಮಗುವಿಗೆ ನವೋದಯ ಪರೀಕ್ಷೆ: ಅರ್ಜಿಯಿಂದ ಪರೀಕ್ಷೆಯ ದಿನದವರೆಗೆ

ಜೂನ್ ಬಂತೆಂದರೆ ಶಿರಸಿ, ಕುಮಟಾ, ಕಾರವಾರದ ಕಡೆಯಿಂದ ಪೋಷಕರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. "ನವೋದಯಕ್ಕೆ ಯಾವಾಗ ಅರ್ಜಿ ಹಾಕಬೇಕು?" "ಕೋಚಿಂಗ್ ಬೇಕಾ?" "ಈಗ ಶುರು ಮಾಡಿದರೆ ಸಾಕಾ?" ಪ್ರತಿಯೊಬ್ಬರಿಗೂ ಅರ್ಧರ್ಧ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಮಕ್ಕಳಿಗೆ ಪಾಠ ಹೇಳುತ್ತಾ ನಾನು ಕಂಡದ್ದು ಇಷ್ಟು: ಜಾಣ ಮಕ್ಕಳೂ ಈ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾರೆ. ಕಾರಣ ಬುದ್ಧಿ ಕಡಿಮೆ ಅಂತಲ್ಲ. ಕಾಗದಪತ್ರ ತಪ್ಪಿರುತ್ತದೆ, ಉತ್ತರ ಹಾಳೆ ತುಂಬುವ ರೂಢಿ ಇರುವುದಿಲ್ಲ, ಇಲ್ಲವೇ ಕೊನೆಯ ತಿಂಗಳು ಮನೆಯವರೆಲ್ಲ ಸೇರಿ ಮಗುವನ್ನು ಸುಸ್ತು ಮಾಡಿರುತ್ತಾರೆ. ಈ ಮೂರನ್ನೂ ತಪ್ಪಿಸುವುದು ನಮ್ಮ ಕೈಯಲ್ಲೇ ಇದೆ.

ಮೊದಲು ಪರೀಕ್ಷೆಯ ಪರಿಚಯ. ಜವಾಹರ್ ನವೋದಯ ವಿದ್ಯಾಲಯ ಕೇಂದ್ರ ಸರ್ಕಾರದ ವಸತಿ ಶಾಲೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದಲ್ಲಿ ಈ ಯೋಜನೆ ಬಂತು. ನಮ್ಮ ಉತ್ತರ ಕನ್ನಡದ ಶಾಲೆ ಮುಂಡಗೋಡದಲ್ಲಿದೆ. 6ನೇ ತರಗತಿಗೆ ಹೆಚ್ಚೆಂದರೆ 80 ಸೀಟು. ಅದರಲ್ಲಿ ಕನಿಷ್ಠ ಮುಕ್ಕಾಲು ಭಾಗ ಹಳ್ಳಿ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಅಂಗವಿಕಲ ಮಕ್ಕಳಿಗೂ ಮೀಸಲಾತಿ ಇದೆ. ಊಟ, ವಸತಿ, ಬಟ್ಟೆ, ಪುಸ್ತಕ ಎಲ್ಲ ಉಚಿತ. 9ನೇ ತರಗತಿಯಿಂದ ಕೆಲವು ಮಕ್ಕಳಿಂದ ಮಾತ್ರ ತಿಂಗಳಿಗೆ ವಿಕಾಸ ನಿಧಿ ಅಂತ ಸ್ವಲ್ಪ ಹಣ ತೆಗೆದುಕೊಳ್ಳುತ್ತಾರೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ.

ಈ ಪರೀಕ್ಷೆ ಬರೆಯಲು ಒಂದೇ ಅವಕಾಶ. ಈ ವರ್ಷ ಆಗಲಿಲ್ಲ, ಮುಂದಿನ ವರ್ಷ ಮತ್ತೆ 5ನೇ ತರಗತಿಯಲ್ಲೇ ಕೂರಿಸಿ ಬರೆಸೋಣ ಅಂದರೆ ನಿಯಮ ಒಪ್ಪುವುದಿಲ್ಲ.

ಹಂತ 1: ಮಗುವನ್ನು ಕಳಿಸಬೇಕಾ ಅಂತ ಮೊದಲು ನಿರ್ಧರಿಸಿ

ಇದನ್ನು ಬಹಳ ಜನ ಕೊನೆಗೆ ಯೋಚಿಸುತ್ತಾರೆ. ಸೀಟು ಸಿಕ್ಕಿದ ಮೇಲೆ ಅಮ್ಮನಿಗೆ ಮನಸ್ಸಾಗುವುದಿಲ್ಲ, ಅಜ್ಜಿ ಅಳುತ್ತಾರೆ, ಮಗು ಹೋಗಲ್ಲ ಅನ್ನುತ್ತದೆ. ಆರು ತಿಂಗಳು ಓದಿದ್ದೆಲ್ಲ ಅಲ್ಲಿಗೆ ನಿಲ್ಲುತ್ತದೆ.

ಇದಕ್ಕೆ ಒಂದು ಸುಲಭ ದಾರಿ ಇದೆ. 4ನೇ ತರಗತಿ ಮುಗಿದ ಬೇಸಿಗೆ ರಜೆಯಲ್ಲಿ ಮಗುವನ್ನು ಅಜ್ಜನ ಮನೆಯಲ್ಲೋ ಚಿಕ್ಕಮ್ಮನ ಮನೆಯಲ್ಲೋ ಹತ್ತು ದಿನ ಬಿಡಿ. ನೀವು ಜೊತೆಗಿರಬೇಡಿ. ತನ್ನ ಬಟ್ಟೆ ತಾನೇ ಒಗೆಯಲಿ, ಹಾಸಿಗೆ ತಾನೇ ಮಡಚಲಿ. ಹೆಣ್ಣುಮಕ್ಕಳು ತಲೆ ತಾವೇ ಬಾಚಿಕೊಳ್ಳಲಿ. ಮೂರನೇ ದಿನ ಅತ್ತು ಫೋನ್ ಮಾಡಿದರೆ ಗಾಬರಿ ಬೇಡ, ಅದು ಸಹಜ. ಎಂಟನೇ ದಿನವೂ ಊಟ ಬಿಟ್ಟು ಕೂತರೆ ಮಾತ್ರ ಇನ್ನೊಮ್ಮೆ ಯೋಚಿಸಿ.

ಮನೆಯವರಿಗೆಲ್ಲ ಮೊದಲೇ ಗೊತ್ತಿರಬೇಕಾದ ಎರಡು ವಿಷಯ ಇವೆ. ಒಂದು, ಕರಾವಳಿಯವರಿಗೆ ಮುಂಡಗೋಡ ಹತ್ತಿರವಲ್ಲ. ಭಟ್ಕಳದಿಂದಲೋ ಕಾರವಾರದಿಂದಲೋ ಮಗುವನ್ನು ನೋಡಲು ಹೊರಟರೆ ಘಟ್ಟ ಹತ್ತಿ ಹೋಗಬೇಕು, ಇಡೀ ದಿನ ಅದಕ್ಕೇ ಬೇಕು. ಎರಡು, 9ನೇ ತರಗತಿಯಲ್ಲಿ ಸುಮಾರು 30 ಶೇಕಡ ಮಕ್ಕಳನ್ನು ಒಂದು ವರ್ಷಕ್ಕೆ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ, ಅಲ್ಲಿನ ಮಕ್ಕಳು ಇಲ್ಲಿಗೆ ಬರುತ್ತಾರೆ. ಇದಕ್ಕೆ ಮೈಗ್ರೇಶನ್ ಅನ್ನುತ್ತಾರೆ. ಮಕ್ಕಳು ಚೆನ್ನಾಗಿ ಹಿಂದಿ ಕಲಿತು ಬರುತ್ತಾರೆ, ನನ್ನ ಪ್ರಕಾರ ಒಳ್ಳೆಯ ಪದ್ಧತಿ. ಆದರೆ ಆಗ ಹೋಗಿ "ನಮಗೆ ಗೊತ್ತೇ ಇರಲಿಲ್ಲ" ಅನ್ನುವ ಹಾಗಾಗಬಾರದು.

ಹಂತ 2: ಅರ್ಹತೆ ಇದೆಯಾ ನೋಡಿ

ಮಗು ಈ ವರ್ಷ ಉತ್ತರ ಕನ್ನಡ ಜಿಲ್ಲೆಯ ಸರ್ಕಾರಿ ಅಥವಾ ಮಾನ್ಯತೆ ಇರುವ ಶಾಲೆಯಲ್ಲಿ 5ನೇ ತರಗತಿ ಓದುತ್ತಿರಬೇಕು. ಮನೆಯೂ ಇದೇ ಜಿಲ್ಲೆಯಲ್ಲಿರಬೇಕು. ಹುಟ್ಟಿದ ದಿನಾಂಕಕ್ಕೆ ಮಿತಿ ಇದೆ, ಪ್ರತಿ ವರ್ಷದ ಪ್ರಕಟಣೆಯಲ್ಲಿ ಕೊಟ್ಟಿರುತ್ತಾರೆ. ಉದಾಹರಣೆಗೆ 2026-27ನೇ ಸಾಲಿಗೆ 2014ರ ಮೇ 1ರಿಂದ 2016ರ ಜುಲೈ 31ರೊಳಗೆ ಹುಟ್ಟಿದವರು ಅಂತ ಇತ್ತು. ನಿಮ್ಮ ಮಗುವಿನ ಸಾಲಿಗೆ ಆ ವರ್ಷದ ಪ್ರಕಟಣೆಯನ್ನೇ ನೋಡಿ.

ಇಲ್ಲಿ ನಮ್ಮ ಜಿಲ್ಲೆಯವರು ಎಡವುವ ಜಾಗಗಳನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಹಳ್ಳಿ ಕೋಟಾ. ಮಗು 3, 4, 5ನೇ ತರಗತಿ ಮೂರನ್ನೂ ಪೂರ್ತಿಯಾಗಿ ಗ್ರಾಮೀಣ ಶಾಲೆಯಲ್ಲೇ ಓದಿದ್ದರೆ ಮಾತ್ರ ಈ ಕೋಟಾ ಸಿಗುತ್ತದೆ. ನಡುವೆ ಒಂದೇ ಒಂದು ದಿನ ಪೇಟೆ ಶಾಲೆಯಲ್ಲಿ ಹೆಸರಿದ್ದರೂ ಮಗು ನಗರದ ಲೆಕ್ಕಕ್ಕೆ ಹೋಗುತ್ತದೆ. ಊರ ಶಾಲೆಯಲ್ಲಿ ಚೆನ್ನಾಗಿ ಓದುತ್ತಿದ್ದ ಮಗುವನ್ನು "ನವೋದಯಕ್ಕೆ ತಯಾರಿ ಆಗಲಿ" ಅಂತ 4ನೇ ತರಗತಿಯಲ್ಲಿ ಶಿರಸಿ ಪೇಟೆಗೆ ತಂದು ಸೇರಿಸುತ್ತಾರೆ ನೋಡಿ, ಅವರು ಕೈಲಿದ್ದ ದೊಡ್ಡ ಅನುಕೂಲವನ್ನೇ ಬಿಟ್ಟುಬಿಡುತ್ತಾರೆ. ಮುಕ್ಕಾಲು ಪಾಲು ಸೀಟು ಹಳ್ಳಿಯವರಿಗೆ ಇರುವಾಗ ಕಾಲು ಪಾಲಿನ ಸಾಲಿಗೆ ಹೋಗಿ ನಿಂತ ಹಾಗೆ. ಪೇಟೆಯ ಅಂಚಿನ ಶಾಲೆಯಾದರೆ ಅದು ನಗರಸಭೆ ಅಥವಾ ಪಟ್ಟಣ ಪಂಚಾಯತಿ ಗಡಿಯ ಒಳಗೋ ಹೊರಗೋ ಅಂತ ಮುಖ್ಯೋಪಾಧ್ಯಾಯರನ್ನೇ ಕೇಳಿ. ಶಾಲೆಯ ದಾಖಲೆಯಲ್ಲಿ ಇರುವುದೇ ಲೆಕ್ಕ, ನಮ್ಮ ಅಂದಾಜಲ್ಲ.

ಎರಡನೆಯದು ಆಧಾರ್ ವಿಳಾಸ. ಕಾರವಾರ, ಜೋಯಿಡಾ ಕಡೆ ಇದು ಜಾಸ್ತಿ. ಅಪ್ಪ ಗೋವಾದಲ್ಲಿ ಕೆಲಸಕ್ಕಿದ್ದಾಗ ಅಲ್ಲೇ ಆಧಾರ್ ಮಾಡಿಸಿರುತ್ತಾರೆ, ಮಗು ಓದುವುದು ಇಲ್ಲಿ. ಹಾಗಿದ್ದರೆ ಮೇ ತಿಂಗಳಲ್ಲೇ ವಿಳಾಸ ಬದಲಾಯಿಸಿಕೊಳ್ಳಿ. ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನ ಎರಡೂ ಶಾಲೆಯ ದಾಖಲೆಗೆ ಹೊಂದುತ್ತವೆಯಾ ಅಂತ ಅಕ್ಷರ ಅಕ್ಷರ ಹೋಲಿಸಿ ನೋಡಿ. ಒಂದು ಕಡೆ ಇನಿಶಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ ಇರುವುದು ಸಣ್ಣ ವಿಷಯ ಅನ್ನಿಸಬಹುದು. ಪ್ರವೇಶದ ದಿನ ಅದೇ ಓಡಾಟ ಹಚ್ಚುತ್ತದೆ.

ಮೂರನೆಯದು ಹಿಂದುಳಿದ ವರ್ಗದ ಪ್ರಮಾಣಪತ್ರ. ನಮ್ಮ ರಾಜ್ಯದಲ್ಲಿ 2ಎ, 2ಬಿ, 3ಎ, 3ಬಿ ಅಂತ ಇರುತ್ತದಲ್ವಾ, ನವೋದಯಕ್ಕೆ ಆ ಪತ್ರ ನಡೆಯುವುದಿಲ್ಲ. ಇದು ಕೇಂದ್ರದ ಶಾಲೆ, ಹಾಗಾಗಿ ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಇರಬೇಕು, ಕೇಂದ್ರದ ನಮೂನೆಯಲ್ಲೇ ಪತ್ರ ಬೇಕು. ನಾಡಕಚೇರಿಯಲ್ಲಿ ಕೇಳುವಾಗ "ಕೇಂದ್ರ ಸರ್ಕಾರದ ಒಬಿಸಿ ಪ್ರಮಾಣಪತ್ರ" ಅಂತ ಬಾಯಿಬಿಟ್ಟು ಹೇಳಿ. ಸುಮ್ನೆ "ಜಾತಿ ಪತ್ರ" ಅಂದರೆ ರಾಜ್ಯದ್ದೇ ಕೈಗೆ ಬರುತ್ತದೆ.

ಹಂತ 3: ಅರ್ಜಿ

ಅರ್ಜಿಗೆ ಶುಲ್ಕ ಇಲ್ಲ. ನವೋದಯ ವಿದ್ಯಾಲಯ ಸಮಿತಿಯ ಅಧಿಕೃತ ವೆಬ್‌ಸೈಟ್‌ನಲ್ಲಿ ಆನ್‌ಲೈನ್ ಆಗಿಯೇ ಹಾಕಬೇಕು. ಸೈಬರ್ ಸೆಂಟರ್‌ನಲ್ಲೋ ಗ್ರಾಮ ಒನ್‌ನಲ್ಲೋ ಹಾಕಿಸಿದರೆ ಅವರ ಕೆಲಸಕ್ಕೆ ಮಾತ್ರ ಹಣ ಕೊಡಿ. ಸಾಮಾನ್ಯವಾಗಿ ಮಳೆಗಾಲದಲ್ಲೇ ಅರ್ಜಿ ಕರೆಯುತ್ತಾರೆ. ನಮ್ಮ ಕಡೆ ಆಗ ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಇರುವುದಿಲ್ಲ, ಮರ ಬಿದ್ದು ರಸ್ತೆಯೂ ಬಂದ್ ಆಗಿರುತ್ತದೆ. ಕೊನೆಯ ವಾರದವರೆಗೆ ಕಾಯಬೇಡಿ. ದಿನಾಂಕ ಮುಂದೆ ಹಾಕುತ್ತಾರೆ ಅಂತ ಯಾರೋ ಹೇಳಿದ್ದನ್ನು ನಂಬಿ ಕೂರುವುದೂ ಬೇಡ.

ಮೀನುಗಾರರ ಮನೆಗಳಿಗೆ ಒಂದು ಸಲಹೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದೆ, ಅಪ್ಪ ಮನೆಯಲ್ಲಿರುತ್ತಾರೆ. ಪ್ರಮಾಣಪತ್ರಕ್ಕೆ ಅಲೆಯುವುದು, ಸಹಿ, ಫೋಟೋ ಎಲ್ಲ ಆ ಎರಡು ತಿಂಗಳಲ್ಲೇ ಮುಗಿಸಿ. ಆಗಸ್ಟ್‌ನಲ್ಲಿ ಬೋಟು ಸಮುದ್ರಕ್ಕೆ ಇಳಿದ ಮೇಲೆ ಸಹಿಗೆ ಅವರನ್ನು ಹುಡುಕುವುದು ಕಷ್ಟ.

ಕೈಯಲ್ಲಿ ಇಟ್ಟುಕೊಳ್ಳಬೇಕಾದವು ಇಷ್ಟು: ಮಗುವಿನ ಫೋಟೋ, ಮಗುವಿನ ಸಹಿ, ಪೋಷಕರ ಸಹಿ, ಮುಖ್ಯೋಪಾಧ್ಯಾಯರ ಸಹಿ ಮತ್ತು ಮೊಹರು ಇರುವ ವ್ಯಾಸಂಗ ಪ್ರಮಾಣಪತ್ರ (ಇದರ ನಮೂನೆ ವೆಬ್‌ಸೈಟ್‌ನಲ್ಲೇ ಸಿಗುತ್ತದೆ, ಅದನ್ನೇ ಬಳಸಿ), ಆಧಾರ್ ಅಥವಾ ವಾಸಸ್ಥಳ ಪ್ರಮಾಣಪತ್ರ. ಫೋಟೋ, ಸಹಿಗಳು ಜೆಪಿಜಿ ರೂಪದಲ್ಲಿ, 10ರಿಂದ 100 ಕೆಬಿ ಒಳಗೆ ಇರಬೇಕು. ಮಗುವಿನ ಸಹಿ ಅಂದರೆ ಮಗುವೇ ಮಾಡಿದ್ದು. ಅಪ್ಪ ಮಾಡಿಬಿಟ್ಟರೆ ಪರೀಕ್ಷೆಯ ಕೊಠಡಿಯಲ್ಲಿ ಮಗು ಮಾಡುವ ಸಹಿಗೂ ಅದಕ್ಕೂ ತಾಳೆಯಾಗುವುದಿಲ್ಲ. ಒಂದು ವಾರ ಮೊದಲೇ ಒಂದೇ ತರಹದ ಸಹಿ ಹಾಕಲು ಕಲಿಸಿಬಿಡಿ. ಮಕ್ಕಳಿಗೆ ಅದು ಬಹಳ ಖುಷಿಯ ಕೆಲಸ.

ಪರೀಕ್ಷೆಯ ಮಾಧ್ಯಮ ಅಂತ ಒಂದು ಕಾಲಂ ಇದೆ. ಕನ್ನಡ ಶಾಲೆಯ ಮಗುವಿಗೆ ಕನ್ನಡವನ್ನೇ ಆರಿಸಿ. "ಇಂಗ್ಲಿಷ್ ಹಾಕಿದರೆ ಚೆನ್ನಾಗಿರುತ್ತದೆ" ಅನ್ನುವುದು ತಪ್ಪು ತಿಳಿವಳಿಕೆ. ಪ್ರಶ್ನೆಯೇ ಅರ್ಥವಾಗದಿದ್ದರೆ ಉತ್ತರ ಎಲ್ಲಿಂದ ಬರಬೇಕು? ಅರ್ಜಿಯ ಅವಧಿ ಮುಗಿದ ಮೇಲೆ ತಿದ್ದುಪಡಿಗೆ ಕೆಲವು ದಿನ ಕೊಡುತ್ತಾರೆ. ಗಂಡು-ಹೆಣ್ಣು, ವರ್ಗ, ಗ್ರಾಮೀಣ-ನಗರ, ಅಂಗವೈಕಲ್ಯ, ಮಾಧ್ಯಮ ಇಷ್ಟನ್ನು ಆಗ ಸರಿಪಡಿಸಬಹುದು. ಅರ್ಜಿ ಹಾಕಿದ ದಿನವೇ ಪ್ರಿಂಟ್ ತೆಗೆದು ಮನೆಯಲ್ಲಿ ಇನ್ನೊಬ್ಬರ ಕೈಯಲ್ಲಿ ಓದಿಸಿ. ನೋಂದಣಿ ಸಂಖ್ಯೆಯನ್ನು ಕ್ಯಾಲೆಂಡರ್ ಹಿಂದೆ ಬರೆದಿಡಿ. ಪ್ರವೇಶ ಪತ್ರ ಇಳಿಸಿಕೊಳ್ಳುವಾಗ ಅದೇ ಬೇಕು.

ಹಂತ 4: ಪ್ರಶ್ನೆಪತ್ರಿಕೆ ಹೇಗಿರುತ್ತದೆ

ಒಟ್ಟು 80 ಪ್ರಶ್ನೆ, 100 ಅಂಕ, 2 ಗಂಟೆ. ಪ್ರತಿ ಪ್ರಶ್ನೆಗೆ 1.25 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆ, 50 ಅಂಕ, 60 ನಿಮಿಷ. ಅಂಕಗಣಿತಕ್ಕೆ 20 ಪ್ರಶ್ನೆ, 25 ಅಂಕ, 30 ನಿಮಿಷ. ಭಾಷೆಗೂ ಅಷ್ಟೇ. ಅರ್ಧ ಅಂಕ ಚಿತ್ರಗಳಲ್ಲೇ ಇದೆ ಅನ್ನುವುದನ್ನು ಗಮನಿಸಿ. ಮನೆಯಲ್ಲಿ ನಾವು ಮಾಡುವುದು ಅದರ ತಿರುವುಮುರುವು. ಗಣಿತವನ್ನೇ ತಿಕ್ಕಿಸುತ್ತೇವೆ, ಚಿತ್ರಗಳನ್ನು ಕೊನೆಗೆ ನೋಡೋಣ ಅನ್ನುತ್ತೇವೆ.

ಹಂತ 5: ವೇಳಾಪಟ್ಟಿ, ನಿಮ್ಮ ಮನೆಯ ಕ್ಯಾಲೆಂಡರ್ ನೋಡಿ

2024ರಲ್ಲಿ ಪರೀಕ್ಷೆ ಜನವರಿ 20ಕ್ಕೆ, 2025ರಲ್ಲಿ ಜನವರಿ 18ಕ್ಕೆ ಇತ್ತು. ಅದರ ಮುಂದಿನ ಸಾಲಿನ ಪರೀಕ್ಷೆ 2025ರ ಡಿಸೆಂಬರ್ 13ಕ್ಕೇ ಬಂದುಬಿಟ್ಟಿತು. ಹಾಗಾಗಿ ಜನವರಿ ಅಂತ ನಂಬಿ ಕೂರಬೇಡಿ. ನವೆಂಬರ್ ಮುಗಿಯುವಷ್ಟರಲ್ಲಿ ಎಲ್ಲ ಪಾಠ ಒಂದು ಸುತ್ತು ಆಗಿರಲಿ.

ದಿನಕ್ಕೆ ಎಷ್ಟು ಹೊತ್ತು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 45 ನಿಮಿಷ. ಅಕ್ಟೋಬರ್‌ನಿಂದ ಒಂದು ಗಂಟೆ, ಅದರ ಮೇಲೆ ಬೇಡ. ಹತ್ತು ವರ್ಷದ ಮಗು ಶಾಲೆಯಿಂದ ಬಂದು ಎರಡು ಗಂಟೆ ಕೂತರೆ ಎರಡನೇ ಗಂಟೆಯಲ್ಲಿ ತಲೆಗೆ ಏನೂ ಹೋಗುವುದಿಲ್ಲ. ಆಟವನ್ನು ಕತ್ತರಿಸಬೇಡಿ. ಭಾನುವಾರ ಅರ್ಧ ದಿನ ಪೂರ್ತಿ ರಜೆ.

ಘಟ್ಟದ ಮೇಲಿನ ತೋಟದ ಮನೆಗಳಿಗೆ ಒಂದು ಮಾತು. ಪರೀಕ್ಷೆ ಹತ್ತಿರ ಬರುವ ಹೊತ್ತಿಗೇ ಅಡಿಕೆ ಕೊಯ್ಲು ಶುರುವಾಗುತ್ತದೆ. ಕೊನೆ (ಅಡಿಕೆ ಗೊನೆ) ಇಳಿಸುವವರು, ಸುಲಿಯುವವರು, ಬೇಯಿಸುವ ಒಲೆ, ರಾತ್ರಿ ಹತ್ತರವರೆಗೂ ಅಂಗಳದಲ್ಲಿ ದೀಪ ಮತ್ತು ಮಾತು. ಆ ಗದ್ದಲದಲ್ಲಿ ಸಂಜೆ ಓದು ಆಗುವುದಿಲ್ಲ. ಮಗುವಿಗೂ ಅಲ್ಲೇ ಕೂರುವ ಆಸೆ, ಅದು ತಪ್ಪೂ ಅಲ್ಲ. ಕೊಯ್ಲಿಗೆ ಎರಡು ವಾರ ಮೊದಲೇ ಓದಿನ ಹೊತ್ತನ್ನು ಬೆಳಗಿನ ಆರು ಗಂಟೆಗೆ ಬದಲಾಯಿಸಿಬಿಡಿ. ಸಂಜೆ ಬೇಗ ಮಲಗಲಿ.

ಇನ್ನು ಮಳೆ ರಜೆ. ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟ ದಿನ ಪೂರ್ತಿ ಓದಿಸೋಣ ಅನ್ನಿಸುತ್ತದೆ. ಬೇಡ. ಅವತ್ತು ಇನ್ನೊಂದು ಅರ್ಧ ಗಂಟೆ ಕಥೆ ಪುಸ್ತಕ ಓದಿಸಿ ಸಾಕು. ದಸರಾ ರಜೆ ಮಾತ್ರ ಚಿನ್ನದಂಥ ಸಮಯ. ಆಗ ಗಣಿತದಲ್ಲಿ ಹಿಂದೆ ಬಿದ್ದ ಪಾಠಗಳನ್ನು ಮುಗಿಸಿಕೊಳ್ಳಿ.

ಹಂತ 6: ಮಾನಸಿಕ ಸಾಮರ್ಥ್ಯ

ಇದರಲ್ಲಿ 10 ಭಾಗ, ಒಂದೊಂದರಲ್ಲಿ 4 ಪ್ರಶ್ನೆ. ಗುಂಪಿಗೆ ಸೇರದ ಚಿತ್ರ, ಅದೇ ರೀತಿಯ ಚಿತ್ರ ಹುಡುಕುವುದು, ಖಾಲಿ ಮೂಲೆ ತುಂಬುವುದು, ಚಿತ್ರಗಳ ಸರಣಿ, ಹೋಲಿಕೆ, ಅರ್ಧ ತ್ರಿಕೋನ-ಚೌಕ-ವೃತ್ತವನ್ನು ಪೂರ್ತಿ ಮಾಡುವುದು, ಕನ್ನಡಿ ಬಿಂಬ, ಮಡಚಿದ ಕಾಗದದ ತೂತು, ತುಂಡುಗಳನ್ನು ಜೋಡಿಸಿದರೆ ಯಾವ ಆಕಾರ ಅನ್ನುವುದು, ದೊಡ್ಡ ಚಿತ್ರದೊಳಗೆ ಅಡಗಿದ ಚಿಕ್ಕ ಚಿತ್ರ. ಅಕ್ಷರ ಓದುವ ಕೆಲಸ ಕಡಿಮೆ, ಕಣ್ಣಿಗೇ ಕೆಲಸ. ಹಾಗಾಗಿ ಪುಸ್ತಕದಲ್ಲಿ ಟಿಕ್ ಮಾಡಿಸುವ ಮೊದಲು ಕೈಯಲ್ಲಿ ಮಾಡಿಸಿ.

ಕಾಗದದ ತೂತನ್ನೇ ತೆಗೆದುಕೊಳ್ಳಿ. ಹಳೆಯ ಪೇಪರನ್ನು ಚೌಕವಾಗಿ ಕತ್ತರಿಸಿ. ಒಮ್ಮೆ ಮಡಚಿ, ಮತ್ತೊಮ್ಮೆ ಮಡಚಿ, ದಬ್ಬಣದಿಂದ ಒಂದು ತೂತು ಮಾಡಿ. ಬಿಡಿಸುವ ಮೊದಲು ಮಗುವನ್ನು ಕೇಳಿ: "ಎಷ್ಟು ತೂತು? ಎಲ್ಲೆಲ್ಲಿ?" ಇನ್ನೊಂದು ಕಾಗದದ ಮೇಲೆ ಚುಕ್ಕಿ ಇಟ್ಟು ತೋರಿಸಲಿ. ಆಮೇಲೆ ಬಿಡಿಸಿ. ನಾಲ್ಕು ತೂತು ಬರುತ್ತದೆ. ಎಷ್ಟು ಅನ್ನುವುದನ್ನು ಮಕ್ಕಳು ಎರಡೇ ದಿನದಲ್ಲಿ ಹೇಳುತ್ತಾರೆ, ಎಲ್ಲೆಲ್ಲಿ ಅನ್ನುವುದರಲ್ಲಿ ತಪ್ಪುತ್ತಾರೆ. ಮಡಿಕೆಯ ಗೆರೆಯಿಂದ ತೂತು ಎಷ್ಟು ದೂರವಿದೆಯೋ ಬಿಡಿಸಿದಾಗ ಆಚೆ ಬದಿಯಲ್ಲೂ ಅಷ್ಟೇ ದೂರ. ಈ ಒಂದು ಮಾತು ತಲೆಗೆ ಹೋಗಬೇಕು. ಹೇಳಿದರೆ ಹೋಗುವುದಿಲ್ಲ, ಮೂವತ್ತು ಕಾಗದ ಮಡಚಿದರೆ ಹೋಗುತ್ತದೆ.

ಕನ್ನಡಿ ಬಿಂಬಕ್ಕೂ ಹಾಗೇ. ಗೋಡೆ ಗಡಿಯಾರದ ಎದುರು ಕನ್ನಡಿ ಹಿಡಿದು ಮೂರು ಗಂಟೆ ಹೇಗೆ ಕಾಣುತ್ತದೆ ತೋರಿಸಿ. ಒಂಬತ್ತರ ಹಾಗೆ ಕಾಣುತ್ತದೆ. ಆದರೆ ಹನ್ನೆರಡು ಮತ್ತು ಆರು ಅಲ್ಲಲ್ಲೇ ಇರುತ್ತವೆ. ಎಡ-ಬಲ ಬದಲಾಗುತ್ತದೆ, ಮೇಲೆ-ಕೆಳಗೆ ಬದಲಾಗುವುದಿಲ್ಲ. ಆಯ್ಕೆಗಳಲ್ಲಿ ತಲೆಕೆಳಗಾದ ಚಿತ್ರವನ್ನೂ ಇಟ್ಟಿರುತ್ತಾರೆ. ಮಕ್ಕಳು ಅವಸರದಲ್ಲಿ ಅದನ್ನೇ ಆರಿಸಿಬಿಡುತ್ತಾರೆ.

ಗುಂಪಿಗೆ ಸೇರದ ಚಿತ್ರ ಹುಡುಕುವಾಗ ಉತ್ತರ ಸರಿ ಇದ್ದರೂ "ಯಾಕೆ?" ಅಂತ ಕೇಳಿ. ಕಾರಣ ಹೇಳಲು ಬಾರದಿದ್ದರೆ ಅದು ಅಂದಾಜು. ಗೆರೆಗಳ ಎಣಿಕೆ, ತಿರುಗಿದ ದಿಕ್ಕು, ಕಪ್ಪು ಮಾಡಿದ ಭಾಗ ಈ ಮೂರನ್ನು ಪ್ರತಿ ಚಿತ್ರದಲ್ಲೂ ನೋಡುವ ರೂಢಿ ಮಾಡಿಸಿ.

ಹಂತ 7: ಅಂಕಗಣಿತ

ಸಂಖ್ಯೆಗಳು, ನಾಲ್ಕು ಮೂಲ ಕ್ರಿಯೆಗಳು, ಭಿನ್ನರಾಶಿ, ದಶಮಾಂಶ, ಅಪವರ್ತನ ಮತ್ತು ಅಪವರ್ತ್ಯ, ಲಸಾಅ ಮತ್ತು ಮಸಾಅ, ಅಳತೆಗಳು, ಸರಳೀಕರಣ, ಲಾಭ-ನಷ್ಟ, ಸುತ್ತಳತೆ-ವಿಸ್ತೀರ್ಣ. ದೂರ-ಕಾಲ-ವೇಗ, ಶೇಕಡ, ಸರಳ ಬಡ್ಡಿ, ಘನಫಲ ಹಿಂದಿನ ಪಠ್ಯಕ್ರಮದಲ್ಲಿದ್ದವು, ಈಗ ಇವೆಯಾ ಅಂತ ಆ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಇವುಗಳಲ್ಲಿ ಕೆಲವು 5ನೇ ತರಗತಿಯ ಪಾಠದಲ್ಲಿ ಪೂರ್ತಿ ಬಂದಿರುವುದಿಲ್ಲ. ಅವನ್ನು ಮನೆಯಲ್ಲೇ ಹೇಳಿಕೊಡಬೇಕು. ಮಸಾಅ ಅಂದರೆ ಮಹತ್ತಮ ಸಾಮಾನ್ಯ ಅಪವರ್ತನ. ಲಸಾಅ ಅಂದರೆ ಲಘುತಮ ಸಾಮಾನ್ಯ ಅಪವರ್ತ್ಯ. ಮಗುವಿಗೆ ಹೀಗೆ ಹೇಳಿ: ಶಿರಸಿ ಬಸ್ ನಿಲ್ದಾಣದಿಂದ ಒಂದು ಬಸ್ 20 ನಿಮಿಷಕ್ಕೊಮ್ಮೆ, ಇನ್ನೊಂದು 30 ನಿಮಿಷಕ್ಕೊಮ್ಮೆ ಹೊರಡುತ್ತದೆ. 8 ಗಂಟೆಗೆ ಎರಡೂ ಒಟ್ಟಿಗೆ ಹೊರಟವು. ಮತ್ತೆ ಯಾವಾಗ ಒಟ್ಟಿಗೆ? 9 ಗಂಟೆಗೆ. ಆ 60 ನಿಮಿಷವೇ ಲಸಾಅ.

ಪ್ರತಿ ವರ್ಷ ಮಕ್ಕಳು ಮಾಡುವ ತಪ್ಪುಗಳು ಹೆಚ್ಚುಕಡಿಮೆ ಇವೇ:

24 ÷ 6 × 2 ಅಂದರೆ ಮೊದಲು 6 × 2 ಮಾಡಿ 12, ಉತ್ತರ 2 ಅನ್ನುತ್ತಾರೆ. ಸರಿ ಉತ್ತರ 8. ಭಾಗಾಕಾರ ಮತ್ತು ಗುಣಾಕಾರ ಮಾತ್ರ ಇದ್ದರೆ ಎಡದಿಂದ ಬಲಕ್ಕೆ ಬಂದ ಹಾಗೆ ಮಾಡಬೇಕು.

2.05 ಕಿಲೋ ಎಂದರೆ 2 ಕಿಲೋ 5 ಗ್ರಾಂ ಅನ್ನುತ್ತಾರೆ, ಇಲ್ಲವೇ 2 ಕಿಲೋ 500 ಗ್ರಾಂ. ಎರಡೂ ಅಲ್ಲ, 2 ಕಿಲೋ 50 ಗ್ರಾಂ. ಅಂಗಡಿಯ ತೂಕದ ಯಂತ್ರದ ಮುಂದೆ ನಿಲ್ಲಿಸಿ ಓದಿಸಿದರೆ ಬೇಗ ಬರುತ್ತದೆ.

40 ತೆಂಗಿನಕಾಯಿಯನ್ನು 1,000 ರೂಪಾಯಿಗೆ ತಂದು ಒಂದಕ್ಕೆ 30ರ ಹಾಗೆ ಮಾರಿದರೆ ಶೇಕಡ ಲಾಭ ಎಷ್ಟು? ಲಾಭ 200 ಅಂತ ಸರಿಯಾಗಿಯೇ ತೆಗೆಯುತ್ತಾರೆ. ಆಮೇಲೆ 1,200ರಿಂದ ಭಾಗಿಸುತ್ತಾರೆ. ಕೊಂಡ ಬೆಲೆಯ ಮೇಲೆ ಲೆಕ್ಕ ಹಾಕಬೇಕು, ಅಂದರೆ 20 ಶೇಕಡ.

ಮಗ್ಗಿ 20ರವರೆಗೆ ಬಾಯಿಗೆ ಬರಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಒಂದೂವರೆ ನಿಮಿಷಕ್ಕೆ ಒಂದು ಲೆಕ್ಕ ಮಾಡುವಾಗ 17 × 8 ಅಂತ ಬೆರಳು ಮಡಚುತ್ತಾ ಕೂತರೆ ಹೊತ್ತು ಸಾಲದು.

ಹಂತ 8: ಭಾಷೆ

ನಾಲ್ಕು ಗದ್ಯಭಾಗ, ಒಂದೊಂದಕ್ಕೆ ಐದು ಪ್ರಶ್ನೆ. ಸುಲಭ ಅಂತ ಇದನ್ನು ಬಿಟ್ಟುಬಿಡುತ್ತಾರೆ. ಆದರೆ ನಮ್ಮ ಕರಾವಳಿಯಲ್ಲಿ ಎಷ್ಟೋ ಮಕ್ಕಳ ಮನೆಮಾತು ಕೊಂಕಣಿ. ಕನ್ನಡದ ಮನೆಗಳಲ್ಲೂ ಆಡುವುದು ಹವ್ಯಕ ಕನ್ನಡವೋ ಹಾಲಕ್ಕಿ ಕನ್ನಡವೋ ಆಗಿರುತ್ತದೆ. ಪುಸ್ತಕದ ಕನ್ನಡ ಅವರಿಗೆ ಶಾಲೆಯ ಭಾಷೆ ಮಾತ್ರ. ಕಥೆ ಅರ್ಥವಾಗುತ್ತದೆ, ಪ್ರಶ್ನೆ ಅರ್ಥವಾಗುವುದಿಲ್ಲ. "ಸೂಕ್ತ ಶೀರ್ಷಿಕೆ", "ವಿರುದ್ಧ ಪದ", "ಸಮಾನಾರ್ಥಕ ಪದ", "ಲೇಖಕರ ಅಭಿಪ್ರಾಯದಲ್ಲಿ" ಇಂಥ ಮಾತುಗಳ ಅರ್ಥವನ್ನು ಬಿಡಿಸಿ ಹೇಳಿಕೊಡಿ.

ದಿನಾ ರಾತ್ರಿ ಹದಿನೈದು ನಿಮಿಷ ಮಗು ಗಟ್ಟಿಯಾಗಿ ಓದಲಿ, ನೀವು ಕೇಳಿ. ಮಕ್ಕಳ ಪತ್ರಿಕೆಯಾಗಲಿ, ದಿನಪತ್ರಿಕೆಯ ಒಂದು ಸುದ್ದಿಯಾಗಲಿ. ಓದಿದ ಮೇಲೆ "ಇದಕ್ಕೆ ನೀನು ಏನು ಹೆಸರಿಡುತ್ತೀಯಾ?" ಅಂತ ಕೇಳಿ. ಓದು ಬಾರದ ಅಮ್ಮನೂ ಈ ಕೆಲಸ ಮಾಡಬಹುದು. ಅವರು ಕೇಳುತ್ತಿದ್ದಾರೆ ಅನ್ನುವುದೇ ಮಗುವಿಗೆ ಬೇಕಾದದ್ದು. ಪರೀಕ್ಷೆಯಲ್ಲಿ ಉತ್ತರ ಗದ್ಯದೊಳಗೇ ಇರುತ್ತದೆ, ತನಗೆ ಗೊತ್ತಿರುವ ವಿಷಯವನ್ನು ಸೇರಿಸಿ ಉತ್ತರಿಸಬಾರದು ಅಂತಲೂ ಹೇಳಿ. ಚುರುಕು ಮಕ್ಕಳೇ ಈ ತಪ್ಪು ಮಾಡುವುದು.

ಹಂತ 9: ಓಎಂಆರ್ ಹಾಳೆ

ಓಎಂಆರ್ ಹಾಳೆ ಅಂದರೆ ಸಾಲುಸಾಲು ವೃತ್ತಗಳಿರುವ ಉತ್ತರ ಪತ್ರ. ಸರಿ ಉತ್ತರದ ವೃತ್ತವನ್ನು ನೀಲಿ ಅಥವಾ ಕಪ್ಪು ಬಾಲ್ ಪೆನ್ನಿನಿಂದ ಪೂರ್ತಿ ತುಂಬಬೇಕು. ಪೆನ್ಸಿಲ್ ಬಳಸುವಂತಿಲ್ಲ. ಒಮ್ಮೆ ತುಂಬಿದ್ದನ್ನು ಅಳಿಸುವ, ವೈಟ್ನರ್ ಹಚ್ಚುವ ಹಾಗಿಲ್ಲ. 5ನೇ ತರಗತಿಯವರೆಗೆ ಪೆನ್ಸಿಲ್, ರಬ್ಬರ್ ಹಿಡಿದ ಕೈಗೆ ಇದು ಹೊಸದು.

ಖಾಲಿ ಓಎಂಆರ್ ಹಾಳೆಯ ಜೆರಾಕ್ಸ್ ಹದಿನೈದು-ಇಪ್ಪತ್ತು ಮಾಡಿಸಿಕೊಳ್ಳಿ. ಆಗಸ್ಟ್‌ನಿಂದಲೇ ವಾರಕ್ಕೊಂದು ತುಂಬಲಿ. ಮೊದಮೊದಲು ಒಂದು ವೃತ್ತಕ್ಕೆ ಹತ್ತಿಪ್ಪತ್ತು ಸೆಕೆಂಡ್ ಹಿಡಿಯುತ್ತದೆ, ರಂಗೋಲಿ ತುಂಬಿದ ಹಾಗೆ ಅಂಚು ನೋಡಿ ತುಂಬುತ್ತಾರೆ. ಅದು ಐದು ಸೆಕೆಂಡಿಗೆ ಇಳಿಯಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಸಾಲು ತಪ್ಪುವುದು. 17ನೇ ಪ್ರಶ್ನೆ ಕಷ್ಟ ಅಂತ ಬಿಡುತ್ತಾರೆ, 18ರ ಉತ್ತರವನ್ನು 17ರ ಸಾಲಿನಲ್ಲಿ ತುಂಬುತ್ತಾರೆ. ಅಲ್ಲಿಂದ ಮುಂದೆ ಎಲ್ಲವೂ ಒಂದೊಂದು ಸಾಲು ಮೇಲೆ. ಗೊತ್ತಾಗುವಾಗ ತಿದ್ದಲು ದಾರಿಯಿಲ್ಲ. ನನ್ನ ತರಗತಿಯ ಒಬ್ಬ ಹುಡುಗಿ ಅಭ್ಯಾಸ ಪರೀಕ್ಷೆಯಲ್ಲಿ ಹೀಗೆ ಮಾಡಿ, ಎಲ್ಲ ಉತ್ತರ ಗೊತ್ತಿದ್ದೂ ಅರ್ಧದಷ್ಟು ಅಂಕ ಕಳೆದುಕೊಂಡು ಅತ್ತಿದ್ದಳು. ಮಾನಸಿಕ ಸಾಮರ್ಥ್ಯದಲ್ಲಿ ನಾಲ್ಕು ನಾಲ್ಕು ಪ್ರಶ್ನೆಗಳ ಗುಂಪು ಇದೆಯಲ್ಲ, ಪ್ರತಿ ಗುಂಪು ಮುಗಿದಾಗ ಪ್ರಶ್ನೆ ಸಂಖ್ಯೆ ಮತ್ತು ಸಾಲಿನ ಸಂಖ್ಯೆಯ ಮೇಲೆ ಬೆರಳಿಟ್ಟು ನೋಡುವ ರೂಢಿ ಮಾಡಿಸಿದೆವು. ಆಮೇಲೆ ಅವಳಿಗೆ ತಪ್ಪಲಿಲ್ಲ.

ಇನ್ನೊಂದು ಮಾತು. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಕೊನೆಯ ಐದು ನಿಮಿಷ ಬಿಟ್ಟ ಪ್ರಶ್ನೆಗಳಿಗೆ ಮೀಸಲು.

ಹಂತ 10: ಅಭ್ಯಾಸ ಪರೀಕ್ಷೆ ಮತ್ತು ಕೋಚಿಂಗ್

ಪೂರ್ತಿ ಪ್ರಶ್ನೆಪತ್ರಿಕೆ ಬರೆಸುವುದು ಅಕ್ಟೋಬರ್ ನಂತರ. ಎರಡು ವಾರಕ್ಕೊಮ್ಮೆ ಭಾನುವಾರ, ಬೆಳಗ್ಗೆ 11:30ರಿಂದ 1:30ರವರೆಗೆ. ನಿಜವಾದ ಪರೀಕ್ಷೆಯ ಹೊತ್ತೂ ಅದೇ. ಆ ಹೊತ್ತಿಗೆ ಮಕ್ಕಳಿಗೆ ಹಸಿವೆಯಾಗುತ್ತದೆ, ಅದನ್ನು ಸಂಭಾಳಿಸುವುದೂ ಅಭ್ಯಾಸವೇ. ಬಂದ ಅಂಕವನ್ನು ನೆಂಟರ ಮುಂದೆ ಹೇಳಬೇಡಿ. ತಪ್ಪಿದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ವಾರ ಬಿಟ್ಟು ಮತ್ತೆ ಕೇಳಿ. ಹತ್ತು ಹೊಸ ಪತ್ರಿಕೆಗಿಂತ ಆ ನೋಟ್‌ಬುಕ್ ಜಾಸ್ತಿ ಕೆಲಸ ಮಾಡುತ್ತದೆ.

ಕೋಚಿಂಗ್ ಬೇಕೇ? ಮನೆಯಲ್ಲಿ ಯಾರಿಗೂ ಬಿಡುವಿಲ್ಲ ಅಂದರೆ ಊರಲ್ಲೇ ವಾರಕ್ಕೆ ಎರಡು ದಿನದ ತರಗತಿ ಇದ್ದರೆ ಕಳಿಸಿ. ಆದರೆ ಶಾಲೆ ಬಿಡಿಸಿ, ದೂರದ ಊರಿನ ವಸತಿ ಕೋಚಿಂಗ್‌ನಲ್ಲಿ ತಿಂಗಳುಗಟ್ಟಲೆ ಇಡುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಮಗು ಶಾಲೆಯಲ್ಲಿ ನಿಜವಾಗಿ ಓದುತ್ತಿರಬೇಕು ಅನ್ನುವುದು ನಿಯಮ. ಹಳ್ಳಿ ಕೋಟಾ ಕೂಡ ಅದರ ಮೇಲೇ ನಿಂತಿದೆ. "ಸೀಟು ಗ್ಯಾರಂಟಿ" ಅಂತ ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹಾಗೆ ಸೀಟು ಕೊಡಿಸುವ ದಾರಿಯೇ ಇಲ್ಲ.

ಹಂತ 11: ಕೊನೆಯ ವಾರ ಮತ್ತು ಆ ದಿನ

ಕೊನೆಯ ಹತ್ತು ದಿನ ಹೊಸ ಪಾಠ ಬೇಡ. ಪ್ರವೇಶ ಪತ್ರ ಬಂದ ಕೂಡಲೇ ಎರಡು ಪ್ರಿಂಟ್ ತೆಗೆದು ಕೇಂದ್ರದ ಹೆಸರು ನೋಡಿ. ಜೋಯಿಡಾದಂಥ ತಾಲೂಕಿನಲ್ಲಿ ಹಳ್ಳಿಯಿಂದ ಬೆಳಗಿನ ಬಸ್ ನಂಬಿ ಹೊರಡುವುದು ಕಷ್ಟ. ಹಿಂದಿನ ರಾತ್ರಿಯೇ ಹತ್ತಿರದ ನೆಂಟರ ಮನೆಗೆ ಹೋಗಿ ಉಳಿಯಿರಿ. ತಿರುವಿನ ರಸ್ತೆಯಲ್ಲಿ ವಾಂತಿ ಮಾಡುವ ಮಗುವಾದರೆ ಇದು ಇನ್ನೂ ಮುಖ್ಯ.

ಬೆಳಗ್ಗೆ ರೂಢಿ ಇರುವ ತಿಂಡಿಯನ್ನೇ ಕೊಡಿ. ದೋಸೆಯೋ, ಗಂಜಿ-ಚಟ್ನಿಯೋ, ಯಾವುದಾದರೂ ಸರಿ. ಎರಡು ಬಾಲ್ ಪೆನ್, ಎರಡನ್ನೂ ಮೊದಲೇ ಬರೆದು ನೋಡಿದ್ದು. ಪ್ರವೇಶ ಪತ್ರ, ನೀರಿನ ಬಾಟಲಿ. 10:30ಕ್ಕೇ ಕೇಂದ್ರದಲ್ಲಿರಿ. ಗೇಟಿನ ಹತ್ತಿರ ನಿಂತು ಕೊನೆಯ ಗಳಿಗೆಯಲ್ಲಿ ಮಗ್ಗಿ ಕೇಳಬೇಡಿ. ಹೊರಗೆ ಬಂದ ಮೇಲೆ "17ಕ್ಕೆ ಏನು ಹಾಕಿದೆ?" ಅಂತಲೂ ಕೇಳಬೇಡಿ. ಮೊದಲು ಊಟ ಮಾಡಿಸಿ.

ಹಂತ 12: ಇದೊಂದನ್ನೇ ನಂಬಿ ಕೂರಬೇಡಿ

80 ಸೀಟಿಗೆ ಇಡೀ ಜಿಲ್ಲೆಯ ಮಕ್ಕಳು ಬರೆಯುತ್ತಾರೆ. ಅದೇ ತಯಾರಿಯಲ್ಲಿ ಬರೆಯಬಹುದಾದ ಬೇರೆ ಪರೀಕ್ಷೆಗಳಿವೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳಿಗೆ ರಾಜ್ಯದ್ದೇ ಬೇರೆ ಪ್ರವೇಶ ಪರೀಕ್ಷೆ. ಅಲ್ಲಿ ರಾಜ್ಯದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು, ಅಂದರೆ ನವೋದಯಕ್ಕೆ ನಡೆಯದ 2ಎ ಪತ್ರ ಇಲ್ಲಿ ನಡೆಯುತ್ತದೆ. ಅರ್ಜಿಯಲ್ಲಿ ಶಾಲೆಗಳ ಆಯ್ಕೆಯನ್ನು ಕ್ರಮವಾಗಿ ಕೊಡಬೇಕು, ಹತ್ತಿರದ್ದನ್ನು ಮೊದಲು ಹಾಕಿ.

ಸೈನಿಕ ಶಾಲೆಗೆ ದೇಶಮಟ್ಟದ ಪರೀಕ್ಷೆ. ವಿಜಯಪುರ ಮತ್ತು ಕೊಡಗಿನಲ್ಲಿ ಶಾಲೆಗಳಿವೆ. 6ನೇ ತರಗತಿಗೆ 125 ಪ್ರಶ್ನೆ, 300 ಅಂಕ, ಎರಡೂವರೆ ಗಂಟೆ. ಅದರಲ್ಲಿ ಅರ್ಧ ಅಂಕ ಗಣಿತಕ್ಕೆ, ಸಾಮಾನ್ಯ ಜ್ಞಾನವೂ ಇದೆ. ಈಗ ಹೆಣ್ಣುಮಕ್ಕಳೂ ಬರೆಯಬಹುದು. ಇದಕ್ಕೆ ಶುಲ್ಕವಿದೆ, ಆಮೇಲೆ ವೈದ್ಯಕೀಯ ಪರೀಕ್ಷೆಯೂ ಇದೆ. ಮಗುವಿಗೆ ಕನ್ನಡಕ ಇದ್ದರೆ ಅರ್ಜಿಗೆ ಮೊದಲೇ ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಕಣ್ಣಿನ ನಿಯಮ ಓದಿ.

ನವೋದಯದ ಮೊದಲ ಪಟ್ಟಿಯಲ್ಲಿ ಹೆಸರು ಬರದಿದ್ದರೆ ಊರ ಶಾಲೆಯಲ್ಲಿ 6ನೇ ತರಗತಿಗೆ ಸೇರಿಸಿಬಿಡಿ, ಪಾಠ ತಪ್ಪಿಸಬೇಡಿ. ಬಿಟ್ಟುಹೋದ ಸೀಟುಗಳಿಗೆ ಕಾಯ್ದಿರಿಸಿದ ಪಟ್ಟಿಯಿಂದ ಆಮೇಲೆ ಕರೆಯುವುದುಂಟು. ಹಾಗಾಗಿ ಅರ್ಜಿಯಲ್ಲಿ ಕೊಟ್ಟ ಫೋನ್ ನಂಬರನ್ನು ಬದಲಾಯಿಸದೆ ಚಾಲ್ತಿಯಲ್ಲಿಡಿ. 9ನೇ ತರಗತಿಯಲ್ಲಿ ಖಾಲಿ ಇರುವ ಸೀಟುಗಳಿಗೆ ಮತ್ತೆ ಬೇರೆ ಪರೀಕ್ಷೆ ಇರುತ್ತದೆ. ಅದನ್ನು 8ನೇ ತರಗತಿಯಲ್ಲಿರುವಾಗ ಬರೆಯಬಹುದು. ಅದರಲ್ಲಿ ವಿಜ್ಞಾನ, ಇಂಗ್ಲಿಷ್, ಹಿಂದಿ ಇವೆ. ಕಾಗದಪತ್ರಗಳ ಫೈಲನ್ನು ಎಸೆಯದೆ ಹಾಗೇ ಎತ್ತಿಡಿ.